ಟೋಕಿಯೊ ಎಷ್ಟು ಹೊತ್ತಿನ ದಾರಿ?

ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ರಸ್ತೆ ಬದಿಯ ಕಲ್ಲುಗಳು ಮಾತ್ರ; ಮನುಷ್ಯರು ಹೊತ್ತಿನಲ್ಲಿ ಹೇಳುತ್ತಾರೆ. ಐ.ಡಿ.ಹಳ್ಳಿಯ ನಮ್ಮ ಅತ್ತೆಯನ್ನು ಪಾವಗಡ ಎಷ್ಟು ದೂರ ಎಂದು ಕೇಳಿ ನೋಡಿ. "ಉಂಡು ಹೊಂಟ್ರೆ ಮತ್ತೆ ಹಸಿವಾಗೋ ಹೊತ್ಗೆ ಹೋಗ್ಬೌದು" ಅನ್ನುತ್ತಾರೆ. ಈ ಲೆಕ್ಕ ನನಗೂ ಒಪ್ಪಿಗೆಯೇ. ಆದರೆ ಇದೇ ಲೆಕ್ಕದಲ್ಲಿ ಟೋಕಿಯೊವನ್ನು ಅಳೆದು ಹೇಳುವ ಕೆಲಸ ನನ್ನ ತಲೆಗೆ ಬಂತು.

ನನ್ನ ಹೆಂಡತಿಯ ತಂಗಿ ಇರುವುದು ಟೋಕಿಯೊದಲ್ಲಿ. ಅವಳ ಗಂಡ ಅಲ್ಲಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಬಸುರಿ ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದರಿಂದ ತವರೇ ಅಲ್ಲಿಗೆ ಹೋಗಬೇಕಾಯಿತು. ತವರೆಂದರೆ ಅತ್ತೆ. ಅವರೋ, ಮಧುಗಿರಿ ಬಸ್ಸಿನಲ್ಲೇ ನಿಂಬೆಹಣ್ಣು ಮೂಸುತ್ತಾ ಕೂರುವವರು. ಮಧುಗಿರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನಿಗೆ ಯಾವ ಕಾಗದವಾದರೂ ಅರ್ಥವಾಗುತ್ತದೆ ಎಂಬ ನಂಬಿಕೆಯಿಂದ ಟಿಕೆಟ್ಟನ್ನು ನನ್ನ ಕೈಗಿಟ್ಟರು. ನಾನು ತಲುಪುವ ವೇಳೆಯಿಂದ ಹೊರಡುವ ವೇಳೆಯನ್ನು ಕಳೆದು, "ಹನ್ನೆರಡು ಗಂಟೆ ಅತ್ತೆ" ಎಂದು ಗತ್ತಿನಿಂದ ಹೇಳಿಬಿಟ್ಟೆ.

"ಹನ್ನೆರಡು ಗಂಟೆ ಗಾಳೀಲಿ ಕುಂತ್ಕಳಕ್ಕೆ ನಾನೇನು ಹದ್ದಾ? ನಾನು ಒಲ್ಲೆ ಕಣಪ್ಪ" ಎಂದ ಅತ್ತೆ, ಮರುಗಳಿಗೆಯಲ್ಲೇ "ಅಲ್ಲಿ ಮಗೀನ ಎತ್ಕಳಕ್ಕೂ ಒಬ್ರಿಲ್ವಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು, ಟೋಕಿಯೊವನ್ನು ಅಷ್ಟು ದೂರ ಇಟ್ಟವನು ನಾನೇ ಎಂಬಂತೆ.

ಕೊನೆಗೆ ನಾದಿನಿಯೇ ಫೋನಿನಲ್ಲಿ ನಕ್ಕಳು. "ಅಂಗಲ್ಲ ಭಾವ, ಇಲ್ಲಿ ಗಡಿಯಾರ ಮೂರೂವರೆ ಗಂಟೆ ಮುಂದೈತೆ. ಹಾರೋದು ಎಂಟೂವರೆ ಗಂಟೆ ಅಷ್ಟೆ." ನಾನು ಬೆಪ್ಪಾದೆ. ಆರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ, ನಡುವೆ ಎಷ್ಟೋ ದೇಶ, ಎಷ್ಟೋ ನೀರು; ಅದೆಲ್ಲ ಒಂದು ಹಗಲಿನೊಳಗೆ ಮುಗಿಯುತ್ತದೆಯೇ? ಅತ್ತೆಯ ಬೆರಗು ಬೇರೆಯೇ ಇತ್ತು. "ಅಂಗಾರೆ ಹೊತ್ತು ಮೊದ್ಲು ಅಲ್ಲಿ ಹುಟ್ಟಿ ಆಮೇಲೆ ನಮ್ಮೂರಿಗೆ ಬರೋದಾ? ನನ್ ಮಗ್ಳು ನೋಡಿ ಕಳಿಸಿದ್ ಸೂರ್ಯನ್ನೇ ನಾನು ದಿನಾ ನೋಡ್ತಿದ್ನಾ?" ನಾವೆಲ್ಲ ಅಂಗಳಕ್ಕೆ ಬಂದು ಆಕಾಶ ನೋಡಿದೆವು. "ಹೊಂಟೆ ಬುಡಿ" ಎಂದರು ಅತ್ತೆ.

ಹೊರಡುವ ದಿನ ಬೆಳಗ್ಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅವರನ್ನು ಒಳಗೆ ಬಿಟ್ಟು ಬಂದು ರಸ್ತೆಯಲ್ಲಿ ನಿಂತೆ. ಅವರ ವಿಮಾನ ಯಾವುದೆಂದು ತಿಳಿಯದೆ ಹಾರಿದ್ದಕ್ಕೆಲ್ಲ ಕೈಮುಗಿದೆ. ಆಮೇಲೆ ಬೆಂಗಳೂರಿಗೆ ಬಂದು ಖಾಸಗಿ ಬಸ್ಸು ಹತ್ತಿದೆ. ಅದು ದಾರಿಯಲ್ಲಿ ಪಂಕ್ಚರ್ ಆಗಿ, ಮಧ್ಯಾಹ್ನವೆಲ್ಲ ರಿಪೇರಿಯಾಗಿ, ಸಂಜೆಗೆ ಕೊರಟಗೆರೆಗೆ ಬಂದು, ಸೀಟು ತುಂಬಲೆಂದು ಗುರುಗುಟ್ಟುತ್ತಾ ನಿಂತಿತು. ಆಗ ಫೋನು ಬಂತು.

"ಅಳಿಯಂದ್ರೆ, ಬಂದ್ಬುಟ್ಟೆ! ಮಗ್ಳು ಕರ್ಕಂಡೋಗಕ್ಕೆ ಬಂದವ್ಳೆ. ಹೊಟ್ಟೆ ಮುಟ್ಟಿ ನೋಡ್ದೆ, ಮಗ ಒದೀತೈತೆ. ನೀವು ಮನೆ ಸೇರ್ಕಂಡ್ರಾ?"

ನನ್ನ ಕಣ್ಣು ತುಂಬಿ ಬಂತು. ಅತ್ತೆ ಸಮುದ್ರ ದಾಟಿದ್ದರು, ನಾನಿನ್ನೂ ಕೊರಟಗೆರೆ ದಾಟಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು, "ಹೂಂ ಅತ್ತೆ, ಆಗ್ಲೇ ಮನೇಲಿದ್ದೀನಿ" ಎಂದೆ. ಅಷ್ಟರಲ್ಲಿ ಕಂಡಕ್ಟರು ನನ್ನ ಕಿವಿಯ ಪಕ್ಕದಲ್ಲೇ ಕೂಗಿದ: "ಮಧುಗಿರಿ, ಮಧುಗಿರಿ! ಹತ್ರಪ್ಪ, ಕೊರಟಗೆರೆ ಬುಟ್ರೆ ಮಧುಗಿರೀನೇ!"

ಟೋಕಿಯೊದಲ್ಲಿ ಅತ್ತೆ ನಕ್ಕಿದ್ದು ಸ್ಪಷ್ಟವಾಗಿ ಕೇಳಿಸಿತು.