ಸತ್ತ ಅರಸರ ಮೇಲೆ ನನ್ನ ಖಟ್ಲೆ

ಸತ್ತವರ ಮೇಲೆ ಖಟ್ಲೆ ಹೂಡುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಅವರು ವಕೀಲರನ್ನಿಡುವುದಿಲ್ಲ, ಎದ್ದು ನಿಂತು ಮರುಪ್ರಶ್ನೆ ಹಾಕುವುದಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಚರ್ಚಾಕೂಟದ ಹುಲಿ. ರಾಜ್ಯವೇ ಬದಲಾದ ಮೇಲೆ ಹಳೆಯ ಅರಸರನ್ನು ಸುಮ್ಮನೆ ಬಿಡುವುದುಂಟೆ? ಅವರನ್ನು ಇಂದಿನ ನೀತಿಯಿಂದಲೇ ಅಳೆಯಬೇಕೆಂದು ಒಂದು ಕೂಟದಲ್ಲಿ ವಾದಿಸುವವನಿದ್ದೆ. ‘ಅದು ಆ ಕಾಲ’ ಎಂದು ಜಾರಿಕೊಳ್ಳುವವರನ್ನು ಕಂಡರೆ ನನಗೆ ಮೈಯುರಿ.

ಹಿಂದಿನ ದಿನ ಬೀದರದ ಮೈಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ತಾಲೀಮು ನಡೆಸಿದ್ದೆ. ನನ್ನ ಭಾಷಣಕ್ಕೆಂದೇ ಭಾಲ್ಕಿಯಿಂದ ಬಂದಿದ್ದ ಅಜ್ಜ ಎಲೆಅಡಿಕೆ ಮೆಲ್ಲುತ್ತ ತಲೆದೂಗುತ್ತಿದ್ದ. ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. “ಹಾಲುಗಲ್ಲದ ಕೂಸನ್ನು ಮದುವೆಯಾದ ಅರಸನಿಗೆ ಕ್ಷಮೆಯಿಲ್ಲ!” ಎಂದು ಗುಡುಗಿದೆ.

“ಶಹಬ್ಬಾಸ್! ಸಜಾ ಆಗಲೇಬೇಕು” ಅಂದ ಅಜ್ಜ.

“ಹೌದೇನ್ರಿ?” ಅಜ್ಜಿ ಮೊರ ಕೆಳಗಿಟ್ಟಳು. “ನನ್ನ ಲಗ್ನದಾಗ ನನಗ ಹಾಲುಹಲ್ಲು ಬಿದ್ದಿದ್ದಿಲ್ಲ, ನಿಮಗ ಮೀಸಿ ಬಂದಿದ್ವು. ಅಕ್ಕಿಕಾಳು ಬೀಳುವಾಗ ನಾ ಸೋದರಮಾವನ ಹೆಗಲ ಮ್ಯಾಲ ನಿದ್ದಿ ಹೊಡೀತಿದ್ದೆ.”

ನನಗೆ ಸಿಡಿಲು ಬಡಿದಂತಾಯಿತು. ಮುಲ್ಜಿಮ್, ಅಂದರೆ ಆರೋಪಿ, ಅರಸರ ಗೋರಿಯಲ್ಲಿಲ್ಲ, ನಮ್ಮ ಚಾಪೆಯ ಮೇಲಿದ್ದಾನೆ! “ಅಜ್ಜಿ, ಅದು ಆ ಕಾಲ...” ಎಂದುಬಿಟ್ಟೆ. ಎಂದದ್ದು ನಾನೇ ಎಂದು ತಿಳಿದಾಗ ಇನ್ನೊಂದು ಸಿಡಿಲು.

“ಯಾಕೋ, ರಾಜಾಗೊಂದು ಕಾನೂನು, ಅಜ್ಜಗೊಂದಾ? ಗುನ್ಹಾ ಅಂದ್ರ ಗುನ್ಹಾನೇ. ಆದ್ರ ಫೈಸಲಾ ಕೊಡಾಕಿ ನಾನು, ನೀ ಅಲ್ಲ. ನಿದ್ದಿಯಾಗ ಲಗ್ನ ಆಗಿದ್ದು ನಂದು. ಏಳ್ರಿ, ಹೋಗಿ ಚಹಾ ಮಾಡ್ರಿ.”

ಎಂದೂ ಒಲೆಯ ಮುಖ ನೋಡದ ಅಜ್ಜ ಎದ್ದು ಹೋದ. ಒಳಗೆ ಡಬ್ಬಿಗಳು ಒಂದೊಂದಾಗಿ ಉರುಳುವ ಸದ್ದು ಕೇಳಿಸಿತು. ನಾನು ನಕ್ಕೆ. ನಗಬಾರದಿತ್ತು.

“ಇನ್ನ ನಿಂದು” ಅಂದಳು ಅಜ್ಜಿ. “ಹೋದ ವಾರ ಔರಾದಕ್ಕ ಹೋಗಿ ಹುಡುಗಿ ನೋಡಿ ಒಪ್ಪಿಗಿ ಹೇಳಿ ಬಂದೀ. ಆಕೀ ಒಪ್ಪಿಗಿ ಯಾರು ಕೇಳ್ಯಾರ?”

‘ನಮ್ಮ ಕಡೆ ಆ ರೂಢಿಯಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮರುದಿನ ಚರ್ಚಾಕೂಟ ಬಿಟ್ಟು ಔರಾದದ ಬಸ್ಸು ಹತ್ತಿದೆ.

ಹುಡುಗಿಯ ಅಪ್ಪ ದಂಗಾಗಿ ಬಾಗಿಲಲ್ಲೇ ನಿಂತ. ಅವಳು ಮಾತ್ರ ತನ್ನ ಒಪ್ಪಿಗೆ ಕೇಳುವ ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತಿ, “ನಾ ಒಲ್ಲೆ ಅಂದ್ರ ಏನ್ ಮಾಡ್ತೀರಿ?” ಎಂದಳು.

ಸತ್ತ ಅರಸರು ಎಂಥ ಸಜ್ಜನರೆಂದು ನನಗೆ ತಿಳಿದದ್ದು ಆಗಲೇ.