ಅತ್ತೆಯವರು ಎದ್ದು ಕೂತ ಫೋಟೋ

ಮೊಳಕಾಲ್ಮುರಿನಲ್ಲಿ ನನ್ನ ತವರಿನವರು ತಲೆಮಾರುಗಳಿಂದ ರೇಷ್ಮೆ ಸೀರೆಯ ವ್ಯಾಪಾರಸ್ಥರು. ಚಳ್ಳಕೆರೆಯಲ್ಲಿ ನನ್ನ ಗಂಡನ ಮನೆಯವರದು ಹಳೆಯ ಎಣ್ಣೆ ಗಿರಣಿ. ಊರಿನ ಯಾವ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ನಮ್ಮ ಮನೆಯವರಿಗೆ ಕುರ್ಚಿ ಖಾಲಿ ಇಡುತ್ತಾರೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಪ್ರಮಾಣಪತ್ರ ಕೈಗೆ ಕೊಡುವ ಮೊದಲು ಸಿಸ್ಟರ್‌ಗಳು ಉಗುರನ್ನೂ ತಿರುಗಿಸಿ ನೋಡುತ್ತಿದ್ದರು. ಹಾಗಾಗಿ ಆ ಕಾಗದದ ಮೇಲೆ ನನಗೆ ಗೌರವ. ಅಂಥ ಗೌರವ ಉಳ್ಳವರಿಗೆ ಈಗ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ.

ಅತ್ತೆಯವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಒಂದು ಸಲವಾದರೂ ಎದ್ದು ಕೂತು ತಾವೇ ಲಿಂಗಪೂಜೆ ಮಾಡಬೇಕೆಂಬುದೊಂದೇ ಅವರ ಆಸೆ. ಆರೈಕೆ ಸರಿಯಾಗಿದ್ದರೆ ಸಾಧ್ಯ ಎಂದರು ಡಾಕ್ಟರು. ಊರಿನ ಒಂದು ತರಬೇತಿ ಕೇಂದ್ರದಿಂದ, ರೋಗಿಗಳ ಆರೈಕೆಗೆ ಪ್ರಮಾಣಪತ್ರ ಪಡೆದ ಹುಡುಗಿಯನ್ನು ಕರೆಸಿದೆವು.

ಮೊಳೆ

ದೊಡ್ಡಉಳ್ಳಾರ್ತಿಯ ಆ ಹುಡುಗಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಎದೆಗೆ ಅವಚಿಕೊಂಡು ಬಂದಳು. ರೋಗಿಯ ಮುಖ ನೋಡುವ ಮೊದಲೇ, "ಅಮ್ಮಾರೇ, ಒಂದು ಮೊಳೆ ಐತೇನ್ರಿ? ಪೇಷೆಂಟಿಗೆ ಕಾಣಂಗೆ ಹಾಕ್ಬೇಕಂತೆ, ಧೈರ್ಯ ಬರ್ತೈತಂತೆ" ಎಂದಳು.

ಹಾಕಿಸಿದೆ. ಶುಕ್ರವಾರ ನಮ್ಮ ಅಡುಗೆಯಾಕೆ ಗೋಡೆಯ ಪಟಗಳಿಗೆಲ್ಲ ಹೂವು ಮುಡಿಸುತ್ತ ಅದಕ್ಕೂ ಒಂದು ಹಾರ ಹಾಕಿದಳು. ಅತ್ತೆಯವರು ಕಣ್ಣು ಬಿಟ್ಟು, ತೊದಲುತ್ತ ಕೇಳಿದರು: "ಇದ್ಯಾರೇ ಸತ್ತೋರು? ಮುಖಾನೇ ಇಲ್ವಲ್ಲ!"

ಬೊಂಬೆ

ಗಂಜಿ ಕುಡಿಸಲು ಹೋದ ಹುಡುಗಿಯ ಬೆರಳನ್ನು ಅತ್ತೆಯವರು ಕಚ್ಚಿದರು.

"ತರಬೇತಿಯಲ್ಲಿ ಇದನ್ನು ಹೇಳಿಕೊಡಲಿಲ್ಲವೇ?" ಎಂದೆ.

"ಬೊಂಬೆ ಕಚ್ತಿರ್ಲಿಲ್ರಿ."

"ಮಗ್ಗುಲು ಹೊರಳಿಸುವುದು?"

"ಬೊಂಬೆ ಒಂದೇ ಇತ್ತು, ನಾವು ಬಾಳ ಜನ. ಒಬ್ಬೊಬ್ರಿಗೆ ಒಂದೊಂದು ಭಾಗ ಕೊಟ್ರು. ನಂಗೆ ಕಾಲು ಬಂದಿತ್ತು."

ನಾನು ಹೊರಳಿಸಿ ನೋಡಿದಾಗ ಅತ್ತೆಯವರ ಬೆನ್ನು ಹುಣ್ಣಾಗಿತ್ತು. ಕಾಲುಗಳು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಬೆನ್ನು

ಕೇಂದ್ರದ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಆಂಧ್ರದ ಕಡೆಯಿಂದ ಬಂದು ನೆಲೆಸಿದವರು.

"ಹುಣ್ಣಾಗಿದೆ" ಎಂದೆ.

"ಎಲ್ಲಂಡಿ?"

"ಬೆನ್ನಿಗೆ."

"ಅಮ್ಮಾ, ಆಕೆದು ಬೇಸಿಕ್ ಸರ್ಟಿಫಿಕೇಟು. ಬೆನ್ನು ಅಡ್ವಾನ್ಸ್‌ನಲ್ಲಿ ಬರ್ತದೆ. ಇರಲಿ, ಹೊಸ ಬ್ಯಾಚ್ ಕರ್ಕೊಂಡು ನಾನೇ ಬರ್ತೀನಿ."

ಸನ್ಮಾನ

ಅವರು ಬರುವಷ್ಟರಲ್ಲಿ ಹುಣ್ಣು ನಂಜಾಗಿ ಅತ್ತೆಯವರು ತೀರಿಕೊಂಡಿದ್ದರು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಯಿಸಿ, ವಿಭೂತಿ ಹಚ್ಚಿ, ನನ್ನ ತವರಿನ ರೇಷ್ಮೆ ಸೀರೆ ಉಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು ಜಗುಲಿಯಲ್ಲಿ ಕೂರಿಸಿದ್ದೆವು. ಎದುರಿಗೆ ಭಜನೆ ನಡೆದಿತ್ತು.

ಮುಖ್ಯಸ್ಥರು ಹೊಸ ಬ್ಯಾಚಿನೊಂದಿಗೆ ಗೇಟು ದಾಟಿ ಬಂದರು. ಹಾರ ನೋಡಿದರು, ಶಾಲು ನೋಡಿದರು.

"ಚೂಡಂಡಿ, ನೋಡ್ರಿ! ಹಾಸಿಗೆ ಹಿಡಿದಿದ್ದ ಪೇಷೆಂಟು! ಹೆಂಗೆ ಎದ್ದು ಕೂತವ್ರೆ! ಇದು ನಮ್ಮ ಟ್ರೈನಿಂಗು!"

ಬ್ಯಾಚಿನವರು ಚಪ್ಪಾಳೆ ತಟ್ಟಿದರು. ಭಜನೆ ನಿಂತಿತು. ಮುಖ್ಯಸ್ಥರು ಮೊಬೈಲು ಎತ್ತಿ, ಅತ್ತೆಯವರ ಮುಂದೆ ಬಗ್ಗಿ, "ಅಮ್ಮಾ, ಸ್ವಲ್ಪ ನಗ್ರಿ" ಎಂದರು.

ಕಾಲ ಬಳಿ ಅಳುತ್ತ ಕೂತಿದ್ದ ಆರೈಕೆಯ ಹುಡುಗಿ ತಲೆ ಎತ್ತಿ, "ಸಾರ್, ಅಜ್ಜಿ ತೀರ್ಕಂಡ್ರು" ಎಂದಳು.

ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಅದೀಗ ಆ ಕೇಂದ್ರದ ಬಾಗಿಲ ಮೇಲಿನ ಬ್ಯಾನರಿನಲ್ಲಿದೆ. ಕೆಳಗೆ, "ನಮ್ಮ ತರಬೇತಿಯ ಫಲ" ಎಂದು ಬರೆಸಿದ್ದಾರೆ. ಇಳಿಸಿ ಎಂದು ಹೇಳಿ ಕಳಿಸಿದರೆ, "ಅದನ್ನ ನೋಡೇ ಜನ ಟ್ರೈನಿಂಗಿಗೆ ಸೇರ್ತಾವ್ರೆ. ಬೇಕಾದ್ರೆ ತೀರ್ಕಂಡ ಅಮ್ಮನೋರ ಹೆಸರಿಗೂ ಒಂದು ಸರ್ಟಿಫಿಕೇಟು ಕೊಡ್ತೀನಿ" ಎಂದರಂತೆ.

ನಮಗೆ ಪ್ರಮಾಣಪತ್ರ ಬೇಡ. ಅವರು ಬ್ಯಾನರ್ ಇಳಿಸಿ, ಅದೇ ಜಗುಲಿಗೆ ಬಂದು ಕ್ಷಮೆ ಕೇಳಬೇಕು.