ಬಾಗಿಲು ಗುದ್ದಿದವನು

ಬಿಟ್ಟುಹೋಗಿದ್ದದ್ದು ಒಂದೇ ಒಂದು ಸಹಿ. ಆಶ್ರಯದ ಅರ್ಜಿ ತಿರಸ್ಕೃತವಾಗಿದ್ದ ಜರ್ಮೀನಾ ಎಂಬ ಅಫ್ಘನ್ ಹೆಂಗಸಿನ ಮೇಲ್ಮನವಿ ಅಂದೇ ಸಂಜೆ ನಾಲ್ಕರೊಳಗೆ ಸಲ್ಲಬೇಕಿತ್ತು. ಇಲ್ಲದಿದ್ದರೆ ಅವಳನ್ನು ಯಾವ ದಿನವಾದರೂ ದೇಶದಿಂದ ಹೊರಗಟ್ಟಬಹುದು. ಪೇಶಾವರದಲ್ಲಿ ಬೆಳೆದ ಅವಳಿಗೆ ಇಂಗ್ಲಿಷ್ ಬಾರದು, ಉರ್ದು ಬರುತ್ತದೆ. ಕಾನೂನು ನೆರವು ಕೇಂದ್ರದ ವಿದ್ಯಾರ್ಥಿ ಸ್ವಯಂಸೇವಕರಲ್ಲಿ ಉರ್ದು ಬಲ್ಲವನು ಮೈಸೂರಿನ ಝೀಶಾನ್ ಒಬ್ಬನೇ. ಫೈಲು ಹಿಡಿದು, ಎರಡು ಬೀದಿ ಆಚೆಯಿದ್ದ ಅವಳ ಬಿಲ್ಡಿಂಗಿಗೆ ಓಡಿದ.

ಝೀಶಾನನೂ ಸ್ಟೂಡೆಂಟ್ ವೀಸಾದವನೇ. ಪ್ಯಾಟರ್ಸನ್ ಎಂಬ ಆ ಅಮೆರಿಕನ್ ಊರಿನ ರಸ್ತೆಯಲ್ಲಿ ವಲಸೆ ಅಧಿಕಾರಿಗಳು ಬಳಸುವಂಥ ಕಪ್ಪು ಗಾಜಿನ ವ್ಯಾನ್ ಕಂಡರೆ ಸಾಕು, ಅವನ ಎದೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿತ್ತು.

ಎರಡನೇ ಮಹಡಿಯಲ್ಲಿ ಬಾಗಿಲು ತಟ್ಟಿದ. ಉತ್ತರವಿಲ್ಲ. ಗುದ್ದಿದ. "ಜರ್ಮೀನಾ ಆಪಾ! ಕಾಗದ ತಂದಿದೀನಿ, ಸಹಿ ಹಾಕಲೇಬೇಕು!" ಎಂದು ಉರ್ದುವಿನಲ್ಲಿ ಅರಚಿದ. ಒಳಗೆ ಏನೋ ಬಿದ್ದ ಸದ್ದಾಯಿತು, ಅಷ್ಟೆ.

ಅಷ್ಟರಲ್ಲಿ ಕೇಂದ್ರದಿಂದ ಇನ್ನೊಬ್ಬ ಸ್ವಯಂಸೇವಕಿ, ಕನ್ನಡತಿ ತಾನ್ಯಾಳ ಫೋನು. "ಝೀಶಾನ್, ಆ ಬಿಲ್ಡಿಂಗಲ್ಲಿ ಇಮಿಗ್ರೇಶನ್ ಆಫೀಸರ್ ಇದಾನಂತೆ! ಎಲ್ಲಾದ್ರೂ ಹೈಡ್ ಮಾಡ್ಕೋ, ಪ್ಲೀಸ್!"

"ಅಯ್ಯೋ, ಎಲ್ಲಿಗೆ ಹೋಗ್ಲಿ?" ಎಂದು ಕೂಗುತ್ತ ಝೀಶಾನ್ ಮೆಟ್ಟಿಲತ್ತ ಹಾರಿದ. ಕೆಳಗಿನಿಂದ ಸೀಟಿಗಳ ಸದ್ದು, ಅಧಿಕಾರಿ ಬಂದಾಗ ನೆರೆಯವರು ಎಚ್ಚರಿಸಲು ಊದುವಂಥದ್ದು. ಮೇಲಕ್ಕೆ ಓಡಿದ. ಮೂರನೇ ಮಹಡಿಯಲ್ಲಿ ಒಂದು ಬಾಗಿಲು ಸಂದಿಯಷ್ಟು ತೆರೆಯಿತು. ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ನಿಂಗಮ್ಮ.

"ಕನ್ನಡದಾಂವ ಏನಪಾ? ಲಗೂನ ಒಳಗ ಬಾ!" ಎಂದು ಎಳೆದುಕೊಂಡು, ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ಒತ್ತರಿಸಿದಳು. "ಭಾಳ ಕೆಟ್ಟ ಮನಶ್ಯಾ ಬಂದಾನಂತ."

"ನೀವು ನೋಡಿದ್ರಾ, ಅಮ್ಮಾ?"

"ಇಲ್ಲಪಾ. ನೋಡಿದ್ರ ನನಗ ಜ್ವರಾನ ಬರ್ತಿತ್ತು."

ಝೀಶಾನ್ ಬಾತ್‌ಟಬ್ಬಿನಲ್ಲಿ ಪರದೆಯ ಹಿಂದೆ ಮುದುಡಿ ಕುಳಿತ. ಮೂರೂ ಇಪ್ಪತ್ತು. ಮೂರೂವರೆ. ಕೆಳಗೆ ಒಬ್ಬ ಹೆಂಗಸನ್ನು ಬಿಟ್ಟು ಓಡಿಬಂದೆನಲ್ಲ! ಆದದ್ದಾಗಲಿ ಎಂದು ಎದ್ದು ಬಾಗಿಲಿಗೆ ಬಂದ. ನಿಂಗಮ್ಮ ಅಡ್ಡ ನಿಂತಳು. ಆಗ ಮತ್ತೆ ತಾನ್ಯಾ.

"ಗುಡ್ ನ್ಯೂಸ್! ಜರ್ಮೀನಾ ಕಿಟಕಿಯಿಂದ ಫೈರ್ ಎಸ್ಕೇಪ್ ಮೆಟ್ಟಿಲಿಳಿದು ಇಲ್ಲಿಗೇ ಓಡ್ಬಂದ್ರು. ಹೊಸ ಪ್ರಿಂಟ್ ತೆಗೆದು ಸೈನ್ ಮಾಡಿಸಿದ್ವಿ. ಅಪೀಲ್ ಫೈಲ್ ಆಯ್ತು!"

ಝೀಶಾನನ ಕಣ್ಣು ತುಂಬಿತು. "ಮತ್ತೆ ಆ ಆಫೀಸರ್?"

"ಇನ್ನೂ ಬಿಲ್ಡಿಂಗ್ ಒಳಗೇ ಇದಾನೆ. ಅವನನ್ನ ಓಡ್ಸೋಕೆ ಹೊರಗೆ ನಲ್ವತ್ತು ಜನ ಕಾಯ್ತಿದಾರೆ. ಜರ್ಮೀನಾ ಎದುರುಮನೆಯವರು ಅವನ ಫೋಟೋ ತೆಗ್ದಿದಾರೆ, ಊರಿಗೆಲ್ಲ ಹೋಗಿದೆ. ನಿಂಗೂ ಫಾರ್ವರ್ಡ್ ಮಾಡ್ದೆ. ನಾನಿನ್ನೂ ನೋಡಿಲ್ಲ."

ಝೀಶಾನ್ ಚಿತ್ರ ತೆರೆದ. ಎತ್ತಿದ ಮುಷ್ಟಿ, ಕಂಕುಳಲ್ಲಿ ಫೈಲು, ಕಿವಿಯವರೆಗೆ ತೆರೆದ ಬಾಯಿ. ಅವನೇ.

ನಿಂಗಮ್ಮನ ಫೋನೂ ಟಿಣ್ ಎಂದಿತು. ಆಕೆ ಚಿತ್ರ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು.

"ತಮ್ಮಾ," ಎಂದಳು, ಬೆನ್ನ ಹಿಂದೆ ಚಿಲಕಕ್ಕಾಗಿ ತಡಕುತ್ತ, "ಇಂವ ನಿಮ್ಮ ಅಣ್ಣ ಏನು?"